3 ಮಿಲಿಮೀಟರ್ ಸಾಲದೆ ಹೋಯಿತು: ಮೂರು ಸಿಪಿಯು ಕೂಲರ್, ಒಂದೇ ಕ್ಯಾಬಿನೆಟ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಗೇಮಿಂಗ್ ಪಿಸಿಯಲ್ಲಿ ಈಗ ಕೂತಿರುವುದು ಒಂದೇ ಟವರ್ (ಬಿಸಿ ಹೊರಬಿಡುವ ಲೋಹದ ರೆಕ್ಕೆಗಳ ಗೋಪುರ), ಒಂದೇ ಫ್ಯಾನ್ ಇರುವ ಸಾದಾ ಏರ್ ಕೂಲರ್. ಮೂರರಲ್ಲಿ ಅಗ್ಗದ್ದೂ ಅದೇ. ಅದನ್ನೇ ಮೊದಲು ತಂದಿದ್ದರೆ ನನ್ನ ಎರಡು ಭಾನುವಾರ ಉಳಿಯುತ್ತಿದ್ದವು. ದೊಡ್ಡದು ತಂದರೆ ತಲೆನೋವಿರಲ್ಲ ಅಂದುಕೊಂಡಿದ್ದೆ. ತಲೆನೋವು ಶುರುವಾಗಿದ್ದೇ ಅಲ್ಲಿಂದ.

ಪ್ರೊಸೆಸರ್ ರೈಜೆನ್ 7 7700ಎಕ್ಸ್. ಡಬ್ಬಿಯಲ್ಲಿ ಕೂಲರ್ ಬರುವುದಿಲ್ಲ, ಬೇರೆ ಕೊಳ್ಳಲೇಬೇಕು. ನಾನು ಸಾಕೆಟ್, ಅಂದರೆ ಮದರ್‌ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ, ಹೊಂದುತ್ತಾ ಅಂತ ನೋಡಿದೆ. ನನ್ನದು ಎಎಂ5, ಅದರ ಹಿಂದಿನ ತಲೆಮಾರು ಎಎಂ4. ಎಎಂ4ಗೆ ಆಗುತ್ತಿದ್ದ ಬಹಳಷ್ಟು ಕೂಲರ್‌ಗಳು ಎಎಂ5ಗೂ ಕೂರುತ್ತವೆ. ಬೋರ್ಡಿನ ಹಿಂದಿರುವ ಬ್ಯಾಕ್‌ಪ್ಲೇಟ್ ತೆಗೆದು ತನ್ನದೇ ಹಾಕಬೇಕು ಅನ್ನುವ ಕೂಲರ್ ಮಾತ್ರ ಆಗುವುದಿಲ್ಲ, ಎಎಂ5ನಲ್ಲಿ ಆ ಪ್ಲೇಟೇ ಸಾಕೆಟನ್ನು ಹಿಡಿದುಕೊಂಡಿರುತ್ತದೆ. ಕ್ಯಾಬಿನೆಟ್ಟಿನಲ್ಲಿ ಕೂಲರ್ ಎತ್ತರ 160 ಮಿಲಿಮೀಟರ್ ತನಕ ಆಗುತ್ತದೆ ಅಂತ ಬರೆದಿತ್ತು. ನಾನು ಆರಿಸಿದ ಎರಡು ಟವರ್‌ನ ಕೂಲರ್ 157. ಸಾಕಲ್ವಾ? ತಂದೆ.

ಪೇಸ್ಟ್ ಹಚ್ಚಿ, ಕೂಲರ್ ಕೂರಿಸಿ, ಎರಡೂ ಸ್ಕ್ರೂ ಬಿಗಿ ಮಾಡಿದೆ. ಎರಡು ಟವರ್‌ಗಳ ನಡುವಿನ ಫ್ಯಾನ್ ಸಲೀಸಾಗಿ ಇಳಿಯಿತು. ಮುಂದಿನ ಫ್ಯಾನ್ ಇಳಿಸಲು ಹೋದರೆ ಅರ್ಧಕ್ಕೇ ಟಕ್ ಅಂತ ನಿಂತಿತು. ಟಾರ್ಚ್ ಹಾಕಿ ನೋಡಿದರೆ ಫ್ಯಾನ್ ರ‍್ಯಾಮ್ ಮೇಲೆ ಕೂತಿದೆ.

ಡಿಡಿಆರ್5 ರ‍್ಯಾಮ್‌ನ ಬರಿಯ ಪಟ್ಟಿ 31 ಮಿಲಿಮೀಟರ್ ಚಿಲ್ಲರೆ ಎತ್ತರ ಅಷ್ಟೇ. ನನ್ನದಕ್ಕೆ ಮೇಲೆ ಲೋಹದ ಹೊದಿಕೆ, ಅದರ ಮೇಲೆ ಬಣ್ಣದ ಲೈಟಿನ ಕಿರೀಟ ಬೇರೆ. ಸ್ಕೇಲ್ ಇಟ್ಟು ಅಳೆದರೆ 44. ಫ್ಯಾನ್ ಕೆಳಗೆ ಇರುವ ಜಾಗ 38. ಸರಿ, ಫ್ಯಾನನ್ನೇ 6 ಮಿಲಿಮೀಟರ್ ಮೇಲೆತ್ತಿ ಕ್ಲಿಪ್ ಹಾಕಿದರಾಯಿತು. ಹಾಕಿದೆ. ಟವರ್ ತುದಿಗೆ ಸಮವಾಗಿರಬೇಕಿದ್ದ ಫ್ಯಾನ್ ಈಗ ಅದನ್ನೂ ಮೀರಿ ನಿಂತಿತು. ಒಟ್ಟು 163. ಕ್ಯಾಬಿನೆಟ್ಟಿನ ಗಾಜಿನ ಬಾಗಿಲು ಮುಚ್ಚಲು 3 ಮಿಲಿಮೀಟರ್ ಸಾಲದು! ಕೂಲರ್ ಸರಿ, ರ‍್ಯಾಮ್ ಸರಿ, ಕ್ಯಾಬಿನೆಟ್ಟೂ ಸರಿ. ಮೂರೂ ಸೇರಿದಾಗ ಎತ್ತು ಏರಿಗೆ, ಕೋಣ ನೀರಿಗೆ.

ಆಮೇಲೆ ಮಾಡಿದ ಸರ್ಕಸ್ ಒಂದೆರಡಲ್ಲ. ಎರಡು ರ‍್ಯಾಮ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಬೇಕು ಅಂತ ಬೋರ್ಡಿನ ಕೈಪಿಡಿ ಹೇಳುತ್ತದೆ. ಎರಡನ್ನೂ ದೂರದ ಮೂರು, ನಾಲ್ಕಕ್ಕೆ ತಳ್ಳಿಬಿಡೋಣವೇ ಅನ್ನಿಸಿತು. ಹಾಗೆ ಮಾಡಿದರೆ ಎರಡೂ ಒಂದೇ ಚಾನೆಲ್ಲಿಗೆ, ಅಂದರೆ ಪ್ರೊಸೆಸರಿಗೆ ಡೇಟಾ ಹೋಗುವ ಒಂದೇ ದಾರಿಗೆ, ಬೀಳುತ್ತವೆ. ದುಡ್ಡು ಕೊಟ್ಟು ತಂದ ವೇಗದಲ್ಲಿ ಅರ್ಧ ನಾನೇ ಕೈಯಾರೆ ಕಳೆದಂತೆ. ರ‍್ಯಾಮ್‌ನ ಹೊದಿಕೆ ಕಿತ್ತು ಹಾಕೋಣವೆಂದರೆ ಅದನ್ನು ಅಂಟಿಸಿರುತ್ತಾರೆ, ಎಳೆದರೆ ಚಿಪ್ಪೂ ಜೊತೆಗೆ ಬಂದೀತು. ಮುಂದಿನ ಫ್ಯಾನನ್ನು ಟವರ್‌ನ ಹಿಂದಕ್ಕೆ ಹಾಕಲು ನೋಡಿದೆ. ಅಲ್ಲಿ ಕ್ಯಾಬಿನೆಟ್ಟಿನ ಬಿಸಿಗಾಳಿ ತಳ್ಳುವ ಫ್ಯಾನ್ ಅಡ್ಡ.

ಕೊನೆಗೆ ಮುಂದಿನ ಫ್ಯಾನ್ ಬಿಟ್ಟು ನಡುವಿನದೊಂದರಲ್ಲೇ ಓಡಿಸಿದೆ. ಬಾಗಿಲು ಮುಚ್ಚಿತು. ಬಿಸಿ ಏರಿದ್ದು ಬರೀ 2 ಡಿಗ್ರಿ. ಅಂದರೆ ಆ ಫ್ಯಾನ್ ಇಲ್ಲದಿದ್ದರೂ ನಡೆಯುತ್ತಿತ್ತು! ಆದರೂ ಎರಡಕ್ಕೆ ದುಡ್ಡು ಕೊಟ್ಟು ಒಂದನ್ನು ಡಬ್ಬಿಯಲ್ಲಿ ಮಲಗಿಸುವುದು ಮನಸ್ಸಿಗೆ ಒಗ್ಗಲಿಲ್ಲ. ಇನ್ನೊಂದು ಕಿರಿಕಿರಿಯೂ ಇತ್ತು. ಧೂಳು ಹೊಡೆಯಲು ನಾನು ಆಗಾಗ ಗ್ರಾಫಿಕ್ಸ್ ಕಾರ್ಡ್ ಬಿಚ್ಚುತ್ತೇನೆ. ಅದರ ಸ್ಲಾಟಿನ ಪುಟ್ಟ ಬೀಗ ಈ ಕೂಲರ್ ಮತ್ತು ಕಾರ್ಡಿನ ಸಂದಿಯಲ್ಲಿ ಅಡಗಿಬಿಟ್ಟಿತು. ಬೆರಳು ತೂರುವುದಿಲ್ಲ. ಮರದ ಸ್ಕೇಲಿನ ತುದಿಯಿಂದ ಒತ್ತಿ ಒತ್ತಿ, ಎಲ್ಲಿ ಬೋರ್ಡ್ ಗೀರಿಹೋಗುತ್ತೋ ಅಂತ ಉಸಿರು ಬಿಗಿಹಿಡಿದು ಬಿಚ್ಚಬೇಕಿತ್ತು.

ಎರಡನೆಯದು ಗೆಳೆಯನೊಬ್ಬನ 240ರ (ಎರಡು 120 ಮಿಲಿಮೀಟರ್ ಫ್ಯಾನಿನ) ಲಿಕ್ವಿಡ್ ಕೂಲರ್. ಇದರಲ್ಲಿ ಪಂಪ್ ದ್ರವವನ್ನು ಸುತ್ತಿಸುತ್ತದೆ, ಪ್ರೊಸೆಸರಿನ ಬಿಸಿ ದೂರದ ರೇಡಿಯೇಟರಿನಲ್ಲಿ ಆರುತ್ತದೆ. ಒಂದು ತಿಂಗಳು ಇಟ್ಟುಕೊಂಡು ನೋಡು ಅಂತ ಕೊಟ್ಟ. ರ‍್ಯಾಮ್ ಮೇಲೆ ಈಗ ಏನೂ ಇಲ್ಲ, ಒಳಗೆಲ್ಲ ಬಯಲಾಗಿ ಕಾಣುತ್ತದೆ, ನೋಡಲು ಚೆಂದ. ಆದರೆ ಜಾಗದ ಜಗಳ ಪ್ರೊಸೆಸರ್ ಬಿಟ್ಟು ಬೇರೆ ಕಡೆ ಹೋಯಿತು ಅಷ್ಟೇ. ರೇಡಿಯೇಟರ್ ದಪ್ಪ 27, ಅದಕ್ಕೆ ಫ್ಯಾನ್ 25, ಸೇರಿ 52 ಮಿಲಿಮೀಟರ್. ಕ್ಯಾಬಿನೆಟ್ಟಿನ ಮೇಲ್ಗಡೆ ಹಾಕಲು ಹೋದರೆ ಮತ್ತೆ ಅದೇ ರ‍್ಯಾಮ್ ಕಿರೀಟ ತಾಗಿತು. ಮುಂದುಗಡೆ ಹಾಕಿದೆ. ಗ್ರಾಫಿಕ್ಸ್ ಕಾರ್ಡಿನ ಉದ್ದಕ್ಕೆ ಅಲ್ಲಿ 360 ಮಿಲಿಮೀಟರ್ ಜಾಗ ಇದ್ದದ್ದು 308 ಆಯಿತು, ನನ್ನ ಕಾರ್ಡ್ 304. ಕಾರ್ಡನ್ನು ಓರೆ ಮಾಡಿ ತೂರಿಸಿದ್ದಾಯಿತು. ಮುಂದುಗಡೆ ಹಾಕುವವರು ಒಂದು ನೋಡಿಕೊಳ್ಳಿ: ರೇಡಿಯೇಟರ್‌ನ ಮೇಲ್ತುದಿ ಪಂಪಿಗಿಂತ ಎತ್ತರದಲ್ಲಿರಬೇಕು. ಪಂಪೇ ಎಲ್ಲಕ್ಕಿಂತ ಮೇಲಿದ್ದರೆ ಒಳಗಿನ ಗಾಳಿ ಬಂದು ಅಲ್ಲೇ ಸೇರುತ್ತದೆ, ಗುಳುಗುಳು ಸದ್ದು ಶುರುವಾಗುತ್ತದೆ, ಪಂಪಿಗೂ ಒಳ್ಳೆಯದಲ್ಲ.

ತಂಪಿನ ವಿಷಯದಲ್ಲಿ ಮಾತಿಲ್ಲ, ಮೂರರಲ್ಲಿ ಇದೇ ಮುಂದು. ಆದರೆ ರಾತ್ರಿ ಮನೆ ನಿಶ್ಶಬ್ದವಾದಾಗ ಪಂಪಿನ ಸಣ್ಣ ಗುಂಯ್ ಕೇಳುತ್ತಲೇ ಇರುತ್ತದೆ. ಫ್ಯಾನ್ ಸದ್ದು ಏರುತ್ತೆ, ಇಳಿಯುತ್ತೆ. ಇದು ಗೇಮ್ ನಿಲ್ಲಿಸಿದರೂ ನಿಲ್ಲದು. ತಿಂಗಳಾದ ಮೇಲೆ ವಾಪಸ್ ಕೊಟ್ಟೆ.

ಮೂರನೆಯದರ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಅದೇ ಅದರ ಗುಣ. ಒಂದು ಟವರ್, ಎತ್ತರ 155. ಟವರನ್ನು ಸ್ವಲ್ಪ ಹಿಂದಕ್ಕೆ ಸರಿಸಿ ಮಾಡಿದ್ದಾರೆ, ಹಾಗಾಗಿ ಫ್ಯಾನ್ ರ‍್ಯಾಮ್ ಪಕ್ಕದಲ್ಲಿ ನಿಲ್ಲುತ್ತದೆಯೇ ಹೊರತು ಮೇಲೆ ಅಲ್ಲ. ಕಾರ್ಡಿನ ಬೀಗಕ್ಕೆ ಬೆರಳು ತಾಗುತ್ತದೆ. ಇಪ್ಪತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಅದರಲ್ಲೂ ಐದು ನಿಮಿಷ ಪ್ರೊಸೆಸರ್‌ನ ಪವರ್ ಕೇಬಲ್ ಮೊದಲೇ ಚುಚ್ಚಲು ಮರೆತಿದ್ದಕ್ಕೆ ಹೋಯಿತು.

ಒಂದೇ ಗೇಮ್, ಅರ್ಧ ಗಂಟೆ ಆಡಿ ನೋಡಿದ್ದು: ಲಿಕ್ವಿಡ್ 68 ಡಿಗ್ರಿ, ಎರಡು ಟವರ್ ಒಂದೇ ಫ್ಯಾನಿನಲ್ಲಿ 71, ಒಂಟಿ ಟವರ್ 74. ಈ ಪ್ರೊಸೆಸರ್‌ನ ಮಿತಿ 95. ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವ ಲೆಕ್ಕದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಗೇಮ್ ಆಡುವಾಗ ಜಾಸ್ತಿ ದುಡಿಯುವುದು ಗ್ರಾಫಿಕ್ಸ್ ಕಾರ್ಡ್ ತಾನೆ, ಪ್ರೊಸೆಸರ್ ಪೂರ್ತಿ ದಣಿಯುವುದೇ ಇಲ್ಲ. ವಿಡಿಯೋ ಎಡಿಟ್ ಮಾಡಿ ಗಂಟೆಗಟ್ಟಲೆ ರೆಂಡರ್ ಹಾಕುವವರ ಕಥೆ ಬೇರೆ, ಒಂಟಿ ಟವರ್ ಅಲ್ಲಿ ಏದುಸಿರು ಬಿಡುತ್ತದೆ. ಬಯಾಸ್‌ನಲ್ಲಿ 65 ವ್ಯಾಟ್‌ನ ಇಕೋ ಮೋಡ್ (ಪ್ರೊಸೆಸರ್ ಕಡಿಮೆ ವಿದ್ಯುತ್ತಿನಲ್ಲಿ ಓಡುವ ಸೆಟ್ಟಿಂಗ್) ಹಾಕಿಕೊಳ್ಳಬಹುದು, ಇಲ್ಲವೇ ಅವರು ಲಿಕ್ವಿಡ್ಡೇ ತರಲಿ. ನಾನು ರಾತ್ರಿ ಎರಡು ಗಂಟೆ ಆಡುವವನು. ಉಳಿದ ದುಡ್ಡಿನಲ್ಲಿ 1 ಟಿಬಿ ಎಸ್‌ಎಸ್‌ಡಿ ಬದಲು 2 ಟಿಬಿ ಬಂತು, ಅದು ದಿನಾ ಉಪಯೋಗಕ್ಕೆ ಬರುತ್ತಿದೆ.

ಎರಡು ಟವರ್‌ನದು ಈಗ ತಮ್ಮನ ಪಿಸಿಯಲ್ಲಿದೆ. ಅವನ ರ‍್ಯಾಮ್ 33 ಮಿಲಿಮೀಟರ್, ಎರಡೂ ಫ್ಯಾನ್ ಹಾಯಾಗಿ ತಿರುಗುತ್ತಿವೆ. ಇಷ್ಟೆಲ್ಲಾ ಆಟ ಆಡಿಸಿದ ನನ್ನ 44 ಮಿಲಿಮೀಟರ್ ರ‍್ಯಾಮ್ ಇಂದಿಗೂ ಬಣ್ಣ ಬಣ್ಣವಾಗಿ ಹೊಳೆಯುತ್ತಲೇ ಇದೆ, ಮೇಜಿನ ಕೆಳಗೆ, ಗೋಡೆ ಕಡೆ ಮುಖ ಮಾಡಿಕೊಂಡು.