ಭಾವನಿಗೆ ಫೋರ್ ಟೆಟ್ ಕೇಳಿಸಿದ್ದು: ಮೂರು ಆಲ್ಬಮ್, ಮೂರು ಭಾನುವಾರ

"ಬಟನ್ ಒತ್ತಿದರೆ ಬರೋದೂ ಸಂಗೀತಾನಾ?" ನಮ್ಮ ಭಾವನ ಹಳೇ ತಕರಾರು ಇದು. ಎಂಟು ವರ್ಷ ಮೃದಂಗ ಕಲಿತವರು. ಯಾವ ಹಾಡು ಹಾಕಿದರೂ ಕೈ ತಾನಾಗಿ ತೊಡೆ ಮೇಲೆ ತಾಳ ಹಾಕುತ್ತದೆ. ಅಂಥವರಿಗೆ ಲಂಡನ್ನಿನ ಎಲೆಕ್ಟ್ರಾನಿಕ್ ಸಂಗೀತಗಾರ ಕೀರನ್ ಹೆಬ್ಡನ್, ಅಂದರೆ ಫೋರ್ ಟೆಟ್, ಕೇಳಿಸಲು ಹೊರಟೆ.

ಮೊದಲ ವಾರವೇ ನನ್ನ ತುರುಪು ಇಳಿಸಿದೆ. 2015ರ 'ಮಾರ್ನಿಂಗ್/ಈವ್ನಿಂಗ್'. ಇರುವುದು ಎರಡೇ ಟ್ರ್ಯಾಕ್, ಒಂದೊಂದೂ ಸುಮಾರು 20 ನಿಮಿಷ. ಮೊದಲನೆಯದರಲ್ಲಿ ಲತಾ ಮಂಗೇಶ್ಕರ್ ದನಿ ಇದೆ. 1983ರ ಹಿಂದಿ ಸಿನಿಮಾ 'ಸೌತನ್'ನ ಹಾಡಿನಿಂದ ತೆಗೆದದ್ದು. ಲತಾ ದನಿಯನ್ನು ಯಾರು ಬೇಡ ಅನ್ನುತ್ತಾರೆ, ಅಲ್ವಾ?

ಭಾವ ಬೇಡ ಅಂದರು.

ದನಿ ಬಂದ ಕೂಡಲೇ ಮುಖ ಅರಳಿತು, ನಿಜ. ಆದರೆ ಅವರಿಗೆ ಆ ಹಾಡು ಬಾಯಿಪಾಠ. ಚರಣಕ್ಕೆ ಕಾದು ಕೂತರು. ಇಲ್ಲಿ ಆ ದನಿ ಸುತ್ತಿ ಸುತ್ತಿ ಬರುತ್ತದೆ, ಸಿಂಥ್ ಅನ್ನುವ ಎಲೆಕ್ಟ್ರಾನಿಕ್ ವಾದ್ಯದ ಸದ್ದಿನೊಳಗೆ ಕರಗುತ್ತದೆ, ಮತ್ತೆ ಮೇಲೇಳುತ್ತದೆ. ಚರಣ ಮಾತ್ರ ಬರುವುದಿಲ್ಲ. ಹತ್ತು ನಿಮಿಷ ಆಗುವಷ್ಟರಲ್ಲಿ, "ಊಟಕ್ಕೆ ಕರೆದು ಎಲೆ ತುದಿಗೆ ಉಪ್ಪು ಮಾತ್ರ ಬಡಿಸಿದ ಹಾಗಾಯ್ತಲ್ಲೋ" ಎಂದು ಎದ್ದರು. ಗೊತ್ತಿರುವ ದನಿಯಾದರೆ ಬೇಗ ಒಗ್ಗುತ್ತದೆ ಅಂದುಕೊಂಡಿದ್ದೆ. ಹಾಡು ಗೊತ್ತಿದ್ದವರಿಗೇ ಅದರ ಕಾಟ ಜಾಸ್ತಿ. ನನಗೆ ಈ ಮೂರರಲ್ಲಿ ತುಂಬಾ ಇಷ್ಟವಾದದ್ದೂ ಇದೇ, ಅದು ಬೇರೆ ಮಾತು.

ಎರಡನೇ ವಾರ 2010ರ 'ದೇರ್ ಈಸ್ ಲವ್ ಇನ್ ಯೂ'. ಇದರ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. 'ಲವ್ ಕ್ರೈ' ಒಂಬತ್ತು ನಿಮಿಷದ ಟ್ರ್ಯಾಕ್. "ನಡೆ ಬದಲಾಗೋದೇ ಇಲ್ವಲ್ಲ" ಎಂದು ಭಾವ ಪೇಪರ್ ಎತ್ತಿಕೊಂಡರು. ಕುಣಿಯುವವರಿಗೆ ಕಟ್ಟಿದ ಲಯ, ಸೋಫಾದಲ್ಲಿ ಕೂತವರಿಗೆ ಹತ್ತಲಿಲ್ಲ.

ಮೂರನೇ ವಾರ 2003ರ 'ರೌಂಡ್ಸ್' ಹಾಕಿದೆ. ಈ ಸಲ ಸ್ಪೀಕರ್ ಬೇಡ ಅಂತ ಹೆಡ್‌ಫೋನ್ ಕೊಟ್ಟೆ. ಮೊದಲ ಟ್ರ್ಯಾಕ್ 'ಹ್ಯಾಂಡ್ಸ್' ಶುರುವಾಗುವುದೇ ಎದೆಬಡಿತದಿಂದ. ಆಮೇಲೆ ಡ್ರಮ್ಸ್ ಚೆಲ್ಲಾಪಿಲ್ಲಿಯಾಗಿ ಬೀಳುತ್ತದೆ. ಭಾವನ ಕೈ ತೊಡೆ ಮೇಲೆ ತಡಕಾಡಿತು, ನಿಂತಿತು. ಲಯ ಒಂದು ದಾರಿಗೆ ಬಂದಾಗ ಮತ್ತೆ ಹೊರಟಿತು. "ಇದು ಯಾರೋ ಬಾರಿಸಿದ್ದು" ಎಂದರು. ಬಾರಿಸಿದ್ದು ಹೌದು, ಆದರೆ ಬೇರೆಲ್ಲೋ, ಬೇರೆ ಯಾರೋ. ಈ ಆಲ್ಬಮ್ ಹೆಚ್ಚುಕಡಿಮೆ ಪೂರ್ತಿ ಸ್ಯಾಂಪಲ್‌ಗಳದ್ದೇ. ಹಳೇ ರೆಕಾರ್ಡುಗಳ ತುಂಡುಗಳನ್ನು ಕೌದಿ ಹೊಲಿದ ಹಾಗೆ ಜೋಡಿಸಿದ್ದು. ಅದನ್ನು ಆಗಲೇ ಹೇಳಲು ಹೋಗಲಿಲ್ಲ. ಹೇಳಿದ್ದರೆ ಅಲ್ಲೇ ಹೆಡ್‌ಫೋನ್ ಕಳಚುತ್ತಿದ್ದರು.

ಮಾತಿಲ್ಲ, ಕತೆಯಿಲ್ಲ. ಹಾಗಾಗಿ ಯಾವ ಚರಣಕ್ಕೂ ಕಾಯಬೇಕಿರಲಿಲ್ಲ. ಕಣ್ಣು ಮುಚ್ಚಿ ಕೊನೆಯ ಟ್ರ್ಯಾಕ್ 'ಸ್ಲೋ ಜಾಮ್'ವರೆಗೂ ಬಂದರು. ಅಲ್ಲಿ ಥಟ್ಟನೆ ಹೆಡ್‌ಫೋನ್ ತೆಗೆದು ರೂಮಿನ ಕಡೆ ತಿರುಗಿ, "ಪುಟ್ಟೀ, ಗೊಂಬೆ ಒತ್ತಬೇಡ!" ಎಂದರು.

ಪುಟ್ಟಿ ಆಗಲೇ ಮಲಗಿದ್ದಳು. ಕೀಚ್ ಕೀಚ್ ಅನ್ನುವ ಆ ರಬ್ಬರ್ ಗೊಂಬೆ ಸದ್ದು ಹಾಡಿನೊಳಗೇ ಇದೆ. ಭಾವ ನನ್ನ ಮುಖ ನೋಡಿದರು. ಹೆಡ್‌ಫೋನ್ ಮತ್ತೆ ಹಾಕಿಕೊಂಡು, "ಸ್ವಲ್ಪ ಹಿಂದಕ್ಕೆ ಹಾಕು" ಎಂದರು.