ಓದು ವಿಫಲವಾದರೂ 'ಯಶಸ್ವಿ' ಎನ್ನುವ ಪ್ರೋಗ್ರಾಂ: ಎಚ್ಚರವಿರಲಿ

ಕಡತಗಳಿಂದ ದತ್ತಾಂಶ ಓದುವ ಪ್ರೋಗ್ರಾಂ ಬರೆಯುವವರೂ, ಬೇರೆಯವರಿಂದ ಬರೆಸಿಕೊಂಡು ಬಳಸುವವರೂ ಇದನ್ನು ದಯವಿಟ್ಟು ಗಮನಿಸಿ.

ನಮ್ಮ ತಂಡಕ್ಕೆ ಹೊರಗಿನವರು ಒದಗಿಸಿದ್ದ ಸಿ ಪ್ಲಸ್ ಪ್ಲಸ್ ಪ್ರೋಗ್ರಾಂ ಒಂದು ಉಷ್ಣಾಂಶದ ಅಳತೆಗಳನ್ನು ಓದಿ ಡೇಟಾಬೇಸ್‌ಗೆ ಸೇರಿಸುತ್ತಿತ್ತು. ಸಂವೇದಕ ಕೆಟ್ಟಾಗ ಕಡತದಲ್ಲಿ ಅಂಕಿಯ ಬದಲು ಬರಿಯ ಅಡ್ಡಗೆರೆ ಬೀಳುತ್ತಿತ್ತು. ಅಂಥ ಸಾಲು ಸಿಕ್ಕ ಕಡತದಲ್ಲಿ ಅಲ್ಲಿಂದ ಮುಂದಿನ ಅಳತೆಗಳೆಲ್ಲ ಸೊನ್ನೆಯಾಗಿ ದಾಖಲಾದವು. ಸೊನ್ನೆ ಡಿಗ್ರಿ ಅಸಾಧ್ಯವೇನಲ್ಲ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಅವು ಸರಾಸರಿಗಳೊಳಗೆ, ಅಲ್ಲಿಂದ ವರದಿಗಳೊಳಗೆ ಹೊಕ್ಕವು. ವಿಷಯ ಬೆಳಕಿಗೆ ಬರುವಷ್ಟರಲ್ಲಿ ಮೂಲ ಕಡತಗಳಲ್ಲಿ ಹೆಚ್ಚಿನವನ್ನು ಅಳಿಸಿಯಾಗಿತ್ತು. ಆ ಅಳತೆಗಳು ಇನ್ನೆಂದೂ ಸಿಗುವುದಿಲ್ಲ.

ಆದದ್ದು ಇಷ್ಟು. ಅಂಕಿ ಓದಲಾಗದಿದ್ದರೆ ಸ್ಟ್ರೀಮ್ (ಕಡತದಿಂದ ಪ್ರೋಗ್ರಾಂಗೆ ದತ್ತಾಂಶ ತರುವ ಸಾಧನ) ತನ್ನೊಳಗೆ ಸೋಲಿನ ಸೂಚಕವಾದ 'ಫೇಲ್‌ಬಿಟ್' ಗುರುತು ಹಾಕಿಕೊಳ್ಳುತ್ತದೆ. ಅದನ್ನು ತೆರವು ಮಾಡುವವರೆಗೆ ಮುಂದಿನ ಯಾವ ಓದೂ ನಡೆಯುವುದಿಲ್ಲ. ಸಿ ಪ್ಲಸ್ ಪ್ಲಸ್ ಭಾಷೆಯ 2011ರ ಮಾನಕದ ಪ್ರಕಾರ ವಿಫಲವಾದ ಓದು ಚರಾಂಶದಲ್ಲಿ (ಬೆಲೆ ಇಡುವ ಜಾಗದಲ್ಲಿ) ಸೊನ್ನೆ ಇಡುತ್ತದೆ, ಮುಂದಿನ ಓದುಗಳು ನಡೆಯದ ಕಾರಣ ಆ ಸೊನ್ನೆಯೇ ಉಳಿಯುತ್ತದೆ; ಅದಕ್ಕೂ ಮೊದಲು ಹಿಂದಿನ ಬೆಲೆಯೇ ಉಳಿಯುತ್ತಿತ್ತು. ಕಡತದ ಮೊದಲ ಸಾಲಿನಲ್ಲಿದ್ದ ಎಣಿಕೆಯಷ್ಟು ಸಲ ಲೂಪ್ (ಮತ್ತೆ ಮತ್ತೆ ನಡೆಯುವ ಕೋಡ್ ಭಾಗ) ಸುತ್ತುತ್ತಿದ್ದುದರಿಂದ ದಾಖಲೆಗಳ ಸಂಖ್ಯೆಯೂ ಸರಿಹೊಂದಿತು. ಕಡತ ಮುಗಿಯುವವರೆಗೆ ಸುತ್ತುವ ಲೂಪ್ ಆಗಿದ್ದರೆ ಎಂದೂ ನಿಲ್ಲುತ್ತಿರಲಿಲ್ಲ, ಕನಿಷ್ಠ ಯಾರಾದರೂ ನೋಡುತ್ತಿದ್ದರು.

ದೂರು ಕೊಟ್ಟ ಮೇಲೆ ಬಂದ ತಿದ್ದುಪಡಿ ನನ್ನನ್ನು ಇನ್ನಷ್ಟು ಕೆರಳಿಸಿತು. ಪ್ರತಿ ಓದಿನ ನಂತರ ಗುರುತನ್ನು ತೆರವು ಮಾಡುವ ಒಂದು ಸಾಲು ಕೋಡ್, ಅಷ್ಟೇ! ಅಡ್ಡಗೆರೆಯ ಜಾಗದಲ್ಲಿ ಈಗಲೂ ಸೊನ್ನೆಯೇ. ವ್ಯತ್ಯಾಸವೆಂದರೆ ಸರಿಯಾದ ಅಳತೆಗಳ ನಡುವೆ ಅದನ್ನು ಹುಡುಕುವುದು ಇನ್ನೂ ಕಷ್ಟ. ಅಲ್ಲಿ 'ಎನ್‌ಎ' (ಲಭ್ಯವಿಲ್ಲ) ಎಂಬ ಅಕ್ಷರಗಳಿದ್ದರಂತೂ ಸ್ಟ್ರೀಮ್ ಅವನ್ನು ದಾಟದೆ, ಅದೇ ಜಾಗದಲ್ಲಿ ಮತ್ತೆ ಮತ್ತೆ ಸೋಲುತ್ತದೆ. ಓದು ಸಫಲವಾಯಿತೇ ಎಂದು ಬೆಲೆಯನ್ನು ಬಳಸುವ ಮೊದಲೇ ಕೇಳಬೇಕು. ಆಗದಿದ್ದರೆ ಆ ಸಾಲನ್ನು ದಾಟಿಸಿ, ಅದರ ಸಂಖ್ಯೆಯನ್ನು ಲಾಗ್‌ನಲ್ಲಿ ಬರೆಯಬೇಕು, ಡೇಟಾಬೇಸ್‌ನಲ್ಲಿ ಆ ಜಾಗವನ್ನು ಖಾಲಿ ಬಿಡಬೇಕು.

ಸಾಕೆಟ್‌ನಿಂದ, ಅಂದರೆ ಜಾಲದ ಮೂಲಕ ಇನ್ನೊಂದು ಪ್ರೋಗ್ರಾಂನಿಂದ, ಓದುವವರಿಗೂ ಇದೇ ಮಾತು. ಜಾಲದಲ್ಲಿ ದತ್ತಾಂಶ ಸಾಗಿಸುವ ನಿಯಮಾವಳಿಯಾದ ಟಿಸಿಪಿಗೆ ಸಂದೇಶದ ಗಡಿ ತಿಳಿಯದು. 4096 ಬೈಟ್ ಕೇಳಿದರೆ ನೂರೇ ಬರಬಹುದು, ಅದು ದೋಷವಲ್ಲ. ಓದುವ ಕರೆಗೆ ಉತ್ತರವಾಗಿ ಸೊನ್ನೆ ಬಂದರೆ ಆಚೆಯವರು ಕಳುಹಿಸುವುದನ್ನು ಮುಗಿಸಿದ್ದಾರೆ, ಋಣ ಒಂದು ಬಂದರೆ ಓದೇ ವಿಫಲ. ಇವೆರಡನ್ನೂ 'ಮುಗಿಯಿತು' ಎಂದು ಒಂದೇ ಸಾಲಿನಲ್ಲಿ ನಿಭಾಯಿಸಿದ ಕೋಡ್ ಅರ್ಧ ಬಂದ ಕಡತವನ್ನು ಪೂರ್ತಿ ಎಂದೇ ಉಳಿಸುತ್ತದೆ.

ಇಂಥ ಪ್ರೋಗ್ರಾಂ ಒಪ್ಪಿಕೊಳ್ಳುವ ಮುನ್ನ ಒಂದು ಕಡತದ ನಡುವೆ ಅಡ್ಡಗೆರೆ ಹಾಕಿ ಓಡಿಸಿ, ಇನ್ನೊಂದನ್ನು ಅರ್ಧಕ್ಕೆ ಕತ್ತರಿಸಿ ಓಡಿಸಿ. ಎರಡಕ್ಕೂ 'ಯಶಸ್ವಿ' ಎಂದರೆ ಹಣ ಕೊಡಬೇಡಿ, ಹಿಂದಿರುಗಿಸಿ.