ಸಮತಟ್ಟಾದ ರಸ್ತೆಯಲ್ಲಿ ಕಾಣಿಸದ ದೋಷಗಳು: ಒಂದು ಅಧಿಕೃತ ಸರ್ವಿಸ್ ಸೆಂಟರಿನ ವಿಮರ್ಶೆ

ಆಫ್‌ರೋಡ್ ವಾಹನವೊಂದನ್ನು, ಅದನ್ನು ಮಾರಿದ ಡೀಲರ್‌ನ ಸರ್ವಿಸ್ ಸೆಂಟರಿನಲ್ಲಿಯೇ ರಿಪೇರಿ ಮಾಡಿಸಿದ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ. ವಾಹನವು ಲ್ಯಾಡರ್ ಚಾಸಿಯದು, ಅಂದರೆ ಏಣಿಯಾಕಾರದ ಉಕ್ಕಿನ ಚೌಕಟ್ಟಿನ ಮೇಲೆ ಕೂರಿಸಿದ್ದು. ಮುಂದೆಯೂ ಹಿಂದೆಯೂ ಎರಡು ಚಕ್ರಗಳನ್ನು ಜೋಡಿಸುವ ಇಡಿಯಾದ ಆಕ್ಸಲ್ ಇದೆ. ಬೇಕೆಂದಾಗ ಮಾತ್ರ ನಾಲ್ಕೂ ಚಕ್ರಗಳಿಗೆ ಶಕ್ತಿ ಒದಗಿಸುವ ಪಾರ್ಟ್‌ಟೈಮ್ ಫೋರ್ ಬೈ ಫೋರ್ ವ್ಯವಸ್ಥೆಯಿದೆ. ವಾರಂಟಿ ಅವಧಿ ಮುಗಿದಿರಲಿಲ್ಲ, ಸಸ್ಪೆನ್ಷನ್ನಿನಲ್ಲಿ ಯಾವ ಮಾರ್ಪಾಡೂ ಆಗಿರಲಿಲ್ಲ, ಟೈರುಗಳು ಕೂಡ ಕಂಪನಿ ಕೊಟ್ಟ ಅಳತೆಯವೇ ಆಗಿದ್ದವು. ಇಷ್ಟನ್ನು ಮೊದಲೇ ಹೇಳಲು ಕಾರಣವಿದೆ. ಇಂಥ ವಾಹನ ಕೆಸರು ಮೆತ್ತಿಕೊಂಡು ಬಂದರೆ, ಏನು ತೊಂದರೆಯೆಂದು ಕೇಳುವುದಕ್ಕೆ ಮುಂಚೆ ಎಲ್ಲಿ ಓಡಿಸಿದ್ದೀರಿ ಎಂದು ಕೇಳುವುದು ಅಲ್ಲಿನ ಕೌಂಟರಿನ ರೂಢಿ. ಹಳ್ಳ ದಾಟುವ, ಬಂಡೆ ಹತ್ತುವ ಚಿತ್ರಗಳನ್ನು ಗೋಡೆಯ ತುಂಬ ಅಂಟಿಸಿಕೊಂಡವರ ಬಾಯಿಂದ ಈ ಪ್ರಶ್ನೆ ಬರುವುದು ವಿಚಿತ್ರವೇ ಸರಿ.

ನನ್ನ ಮುಖ್ಯ ದೂರು ಸ್ಟೀರಿಂಗಿಗೆ ಸಂಬಂಧಿಸಿದ್ದು. ಗಂಟೆಗೆ 70ರಿಂದ 80 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿರುವಾಗ ಒಂದು ಮುಂಚಕ್ರ ಗುಂಡಿಗೆ ಬಿದ್ದು ಎದ್ದರೆ ಸಾಕು, ಇಡೀ ಮುಂಭಾಗ ಎಡಬಲಕ್ಕೆ ಬಿರುಸಾಗಿ ಅದುರಲು ತೊಡಗುತ್ತಿತ್ತು. ವೇಗ ಸಾಕಷ್ಟು ಇಳಿಯುವವರೆಗೆ ಅದು ನಿಲ್ಲುತ್ತಿರಲಿಲ್ಲ. ಇಡಿಯಾದ ಮುಂಭಾಗದ ಆಕ್ಸಲ್ ಇರುವ ವಾಹನಗಳಲ್ಲಿ ಇದು ಹೊಸ ಸಂಗತಿಯಲ್ಲ. ಇಂಥ ವಾಹನ ಓಡಿಸುವವರ ನಡುವೆ ಇದಕ್ಕೆ 'ಡೆತ್ ವಾಬಲ್' ಎಂಬ ಹೆಸರೇ ಇದೆ. ಆಕ್ಸಲ್ಲನ್ನು ಚಾಸಿಗೆ ಅಡ್ಡಲಾಗಿ ಹಿಡಿದಿಡುವ ಪ್ಯಾನ್‌ಹಾರ್ಡ್ ರಾಡಿನ ಬುಷ್ (ಬೋಲ್ಟಿನ ಸುತ್ತಲಿನ ರಬ್ಬರ್ ತುಂಡು), ಚಕ್ರ ಹೊರಳುವ ಕೀಲಾದ ಬಾಲ್ ಜಾಯಿಂಟ್, ಎರಡೂ ಮುಂಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಟೈ ರಾಡಿನ ತುದಿಗಳು, ಇವುಗಳಲ್ಲಿ ಎಲ್ಲೋ ಒಂದು ಕಡೆ ಸಡಿಲವಿದ್ದರೆ ಒಮ್ಮೆ ಹುಟ್ಟಿದ ಕಂಪನವು ಅಡಗುವ ಬದಲು ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಸ್ಟೀರಿಂಗ್ ಡ್ಯಾಂಪರ್ ಆ ಕಂಪನವನ್ನು ಸ್ವಲ್ಪಮಟ್ಟಿಗೆ ನುಂಗಿಕೊಳ್ಳುತ್ತದೆ, ಆದರೆ ಸಡಿಲವಾದ ಕೀಲನ್ನು ಅದು ಬಿಗಿಮಾಡಲಾರದು. ಸರ್ವಿಸ್ ಸೆಂಟರಿನವರು ಬದಲಿಸಿದ್ದು ಡ್ಯಾಂಪರನ್ನೇ. ಹೊಸ ಡ್ಯಾಂಪರ್ ಕಂಪನವನ್ನು ಕೆಲಕಾಲ ಮುಚ್ಚಿಟ್ಟಿತು, ಬಳಿಕ ಅದು ಮೊದಲಿನಂತೆಯೇ ಮರಳಿತು.

ಎರಡನೆಯ ಬಾರಿಗೆ ವಾಹನವನ್ನು ಲಿಫ್ಟಿನ ಮೇಲೆ ಏರಿಸಿ, ಚಕ್ರಗಳನ್ನು ಕೈಯಿಂದ ಅಲುಗಾಡಿಸಿ, ಎಲ್ಲವೂ ಸರಿಯಾಗಿದೆ ಎಂದು ಬರೆದುಕೊಟ್ಟರು. ಲಿಫ್ಟಿನ ಮೇಲೆ ಆಕ್ಸಲ್ ತೂಗಾಡುತ್ತಿರುತ್ತದೆ, ಕೀಲುಗಳ ಮೇಲೆ ವಾಹನದ ಭಾರವೇ ಇರುವುದಿಲ್ಲ. ಭಾರ ಬಿದ್ದಾಗ ಮಾತ್ರ ಹೊರಬೀಳುವ ಸಡಿಲ ಅಲ್ಲಿ ಸುಲಭವಾಗಿ ಕಣ್ಣಿಗೆ ಬೀಳದು. ಚಕ್ರಗಳು ನೆಲದ ಮೇಲಿರುವಾಗಲೇ ಎಂಜಿನ್ ಚಾಲೂ ಮಾಡಿ, ಒಬ್ಬರು ಸ್ಟೀರಿಂಗನ್ನು ಎಡಬಲಕ್ಕೆ ಚುರುಕಾಗಿ ತಿರುಗಿಸುತ್ತಿದ್ದರೆ, ಮತ್ತೊಬ್ಬರು ಕೆಳಗೆ ಬಗ್ಗಿ ಪ್ರತಿಯೊಂದು ಕೀಲನ್ನೂ ನೋಡಬೇಕು. ಇದಕ್ಕೆ ಯಾವ ಯಂತ್ರವೂ ಬೇಡ, ಇಬ್ಬರು ಮನುಷ್ಯರು ಸಾಕು. ನಾನು ಒತ್ತಾಯಿಸಿದ ಮೇಲೆ ಇದನ್ನು ಮಾಡಿದರು. ಪ್ಯಾನ್‌ಹಾರ್ಡ್ ರಾಡಿನ ಚಾಸಿ ಕಡೆಯ ಬುಷ್ ತನ್ನ ಬೋಲ್ಟಿನ ಸುತ್ತ ಆಡುತ್ತಿರುವುದು ಎಲ್ಲರಿಗೂ ಕಂಡಿತು.

ಅಷ್ಟಕ್ಕೇ ಮುಗಿದಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಹೊಸ ರಾಡನ್ನು ಜೋಡಿಸುವಾಗ ಅದರ ಬೋಲ್ಟುಗಳನ್ನು ವಾಹನ ಲಿಫ್ಟಿನ ಮೇಲಿರುವಾಗಲೇ ಪೂರ್ತಿ ಬಿಗಿದುಬಿಟ್ಟರು. ಇಂಥ ರಬ್ಬರ್ ಬುಷ್ ಜಾರುವುದಿಲ್ಲ, ತಿರುಚಿಕೊಳ್ಳುತ್ತದೆ. ಆದ್ದರಿಂದ ಚಕ್ರಗಳು ನೆಲಕ್ಕೆ ಊರಿ, ವಾಹನವು ತನ್ನ ಸಹಜ ಎತ್ತರದಲ್ಲಿ ನಿಂತಿರುವಾಗ ಮಾತ್ರ ಕೊನೆಯ ಟಾರ್ಕ್ (ಬಿಗಿಯುವ ಬಲ) ಕೊಡಬೇಕು. ಆಕ್ಸಲ್ ಜೋತುಬಿದ್ದ ಸ್ಥಿತಿಯಲ್ಲಿ ಬಿಗಿದರೆ, ವಾಹನವನ್ನು ಇಳಿಸಿದ ಕ್ಷಣದಿಂದಲೇ ರಬ್ಬರ್ ತಿರುಚಿಕೊಂಡಿರುತ್ತದೆ, ಬಹುಬೇಗ ಹರಿಯುತ್ತದೆ. ಈ ಮಾತನ್ನು ನನಗೆ ಹೇಳಿದವರು ಅಲ್ಲಿಯೇ ಕೆಲಸ ಮಾಡುವ ಹಿರಿಯ ಮೆಕ್ಯಾನಿಕ್ಕರು. ಬೋಲ್ಟುಗಳನ್ನು ಸಡಿಲಿಸಿ, ವಾಹನವನ್ನು ನೆಲಕ್ಕಿಳಿಸಿ, ಟಾರ್ಕ್ ರೆಂಚಿನಿಂದ ಸರಿಯಾಗಿ ಬಿಗಿದುಕೊಟ್ಟವರೂ ಅವರೇ. ಸ್ಟೀರಿಂಗ್ ಈಗ ಚೆನ್ನಾಗಿದೆ.

ಅವರನ್ನು ಮೊದಲ ದಿನವೇ ಭೇಟಿ ಮಾಡಿಸಲು ಏನು ಅಡ್ಡಿಯಿತ್ತು ಎಂಬುದೇ ನನ್ನ ನಿಜವಾದ ತಕರಾರು. ಗ್ರಾಹಕನು ತನ್ನ ದೂರನ್ನು ಸರ್ವಿಸ್ ಅಡ್ವೈಸರ್‌ಗೆ ಹೇಳುತ್ತಾನೆ, ಅವರು ಅದನ್ನು ಜಾಬ್ ಕಾರ್ಡಿನಲ್ಲಿ ಬರೆಯುತ್ತಾರೆ, ಮೆಕ್ಯಾನಿಕ್ಕರ ಕೈಗೆ ಸಿಗುವುದು ಆ ಕಾರ್ಡು ಮಾತ್ರ. ಯಾವ ವೇಗದಲ್ಲಿ, ಎಂಥ ನೆಲದಲ್ಲಿ, ಯಾವ ಗೇರಿನಲ್ಲಿ, ಬಿಸಿಯಾದ ಮೇಲೋ ತಣ್ಣಗಿರುವಾಗಲೋ ಎಂದು ನಾನು ವಿವರಿಸಿದ್ದೆಲ್ಲ ಕಾರ್ಡಿನಲ್ಲಿ 'ಮುಂಭಾಗದಲ್ಲಿ ಅದುರುವಿಕೆ, ಪರಿಶೀಲಿಸಿ' ಎಂಬ ಒಂದು ಸಾಲಾಗಿ ಉಳಿದಿತ್ತು. ಇದನ್ನು ಓದಿದವರು ವೀಲ್ ಬ್ಯಾಲೆನ್ಸಿಂಗ್ ಮಾಡಿದರೆ ಅವರನ್ನು ದೂರುವಂತಿಲ್ಲ. ಜೊತೆಗೆ, ಪ್ರತಿ ಕೆಲಸಕ್ಕೂ ಇಷ್ಟು ಗಂಟೆಯೆಂದು ಮೊದಲೇ ಗೊತ್ತುಮಾಡಿ ಅದರ ಲೆಕ್ಕದಲ್ಲೇ ಮೆಕ್ಯಾನಿಕ್ಕರ ದುಡಿಮೆಯನ್ನು ಅಳೆಯುವ ಪದ್ಧತಿ ಅನೇಕ ಸರ್ವಿಸ್ ಸೆಂಟರುಗಳಲ್ಲಿದೆ. ಭಾಗ ಬದಲಿಸುವುದಕ್ಕೆ ಅಲ್ಲಿ ಗಂಟೆಯ ಲೆಕ್ಕವುಂಟು, ದೋಷವನ್ನು ಹುಡುಕುತ್ತ ಕೂರುವುದಕ್ಕೆ ಅಷ್ಟು ಉದಾರವಾದ ಲೆಕ್ಕವಿಲ್ಲ. ಹಾಗಾಗಿ ಊಹೆಯ ಮೇಲೆ ಭಾಗ ಬದಲಿಸುವುದೇ ಎಲ್ಲರಿಗೂ ಸಲೀಸಾದ ದಾರಿಯಾಗುತ್ತದೆ.

ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಸಿಕ್ಕಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಎಚ್ಚರಿಕೆ ದೀಪದ ಪ್ರಸಂಗ ಇದಕ್ಕೆ ಇನ್ನೊಂದು ಸಾಕ್ಷಿ. ಏರುತಗ್ಗಿನ ನೆಲದಲ್ಲಿ ಒಂದು ಚಕ್ರ ಪೂರ್ತಿ ಕೆಳಗಿಳಿದಾಗ ಮಾತ್ರ ದೀಪ ಹತ್ತುತ್ತಿತ್ತು. ಸ್ಕ್ಯಾನರಿನಲ್ಲಿ ಎಡ ಮುಂಚಕ್ರದ ವೇಗದ ಸೆನ್ಸರ್ ಸರ್ಕ್ಯೂಟಿನ ಕೋಡ್ ಬಂತು, ಸೆನ್ಸರ್ ಬದಲಾಯಿತು, ಡಾಂಬರು ರಸ್ತೆಯಲ್ಲಿ ಒಂದು ಸುತ್ತು ಹೊಡೆದು ಸರಿಯಾಗಿದೆ ಎಂದರು. ಕೋಡ್ ತೋರಿಸುವುದು ಒಂದು ಸರ್ಕ್ಯೂಟನ್ನು. ಅದರಲ್ಲಿ ಸೆನ್ಸರ್, ಕನೆಕ್ಟರ್, ಉದ್ದನೆಯ ತಂತಿ ಎಲ್ಲವೂ ಸೇರಿವೆ. ತಂತಿಯು ಕ್ಲಿಪ್ಪಿನ ಬಳಿ ಉಜ್ಜಿ ಒಳಗೇ ಅರೆತುಂಡಾಗಿತ್ತು, ಚಕ್ರ ಕೆಳಗಿಳಿದು ತಂತಿ ಎಳೆದಾಗ ಮಾತ್ರ ಸಂಪರ್ಕ ಕಡಿಯುತ್ತಿತ್ತು. ಚಕ್ರ ಹಿಡಿತ ತಪ್ಪಿ ಸುತ್ತದಂತೆ ತಡೆಯುವ ಟ್ರಾಕ್ಷನ್ ಕಂಟ್ರೋಲ್ ಮತ್ತು ಇಳಿಜಾರಿನಲ್ಲಿ ವೇಗ ಹಿಡಿದಿಡುವ ವ್ಯವಸ್ಥೆ ಕೂಡ ಇದೇ ಸೆನ್ಸರುಗಳನ್ನು ಅವಲಂಬಿಸಿರುವುದರಿಂದ, ಅವು ಅತ್ಯಂತ ಅಗತ್ಯವಿರುವ ಜಾಗದಲ್ಲೇ ಕೈಕೊಡುತ್ತಿದ್ದವು. ಸಮತಟ್ಟಾದ ರಸ್ತೆಯ ಪರೀಕ್ಷೆಯಲ್ಲಿ ಈ ದೋಷ ಎಂದೆಂದಿಗೂ ಸಿಗುವುದಿಲ್ಲ.

ಇನ್ನೊಬ್ಬ ಅಡ್ವೈಸರ್ ಒಣ ಡಾಂಬರಿನ ಮೇಲೆ ಫೋರ್ ಬೈ ಫೋರ್ ಹಾಕಿ ತಿರುವು ತೆಗೆದುಕೊಂಡು, ವಾಹನ ಬಿಗಿಹಿಡಿಯುತ್ತಿದೆ, ಎರಡೂ ಆಕ್ಸಲ್ಲುಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಬಿಚ್ಚಿ ನೋಡಬೇಕು ಎಂದು ಸೂಚಿಸಿದರು. ಮುಂದಿನ ಮತ್ತು ಹಿಂದಿನ ಆಕ್ಸಲ್ಲುಗಳ ನಡುವೆ ಡಿಫರೆನ್ಷಿಯಲ್ (ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ಇಲ್ಲದ ಪಾರ್ಟ್‌ಟೈಮ್ ವ್ಯವಸ್ಥೆಯಲ್ಲಿ ಜಾರದ ನೆಲದ ಮೇಲೆ ತಿರುಗಿದರೆ ಹಾಗಾಗುವುದು ಸಹಜ; ಈ ವಾಹನವನ್ನು ಮಾರುವ ಸಂಸ್ಥೆಯಲ್ಲಿ ಇದನ್ನು ಗ್ರಾಹಕ ವಿವರಿಸಬೇಕಾಗಿ ಬಂದದ್ದು ನಗುವಂಥ ಸಂಗತಿಯೂ ಹೌದು, ಆತಂಕದ್ದೂ ಹೌದು.

ಮೂರನೆಯ ದೂರು ಇನ್ನೂ ಇತ್ಯರ್ಥವಾಗಿಲ್ಲ. ಹಿಂದಿನ ಡಿಫರೆನ್ಷಿಯಲ್ಲಿನ ಪಿನಿಯನ್ (ಅದಕ್ಕೆ ಶಕ್ತಿ ತರುವ ಗೇರ್) ಆಯಿಲ್ ಸೀಲ್ ಸೋರುತ್ತಿತ್ತು. ಸೀಲ್ ಬದಲಿಸಿದರು, ಆದರೆ ಆಕ್ಸಲ್ಲಿನ ಬ್ರೀದರ್ (ಒಳಗಿನ ಗಾಳಿ ಹೊರಹೋಗುವ ದಾರಿ) ಕೆಸರಿನಿಂದ ಕಟ್ಟಿಕೊಂಡಿದೆಯೇ ಎಂದು ನೋಡಲಿಲ್ಲ. ಬ್ರೀದರ್ ಕಟ್ಟಿದರೆ ಬಿಸಿಯಾದ ಗಾಳಿಗೆ ಹೊರದಾರಿಯಿಲ್ಲದೆ ಒತ್ತಡವು ಆಯಿಲನ್ನು ಸೀಲಿನ ಮೂಲಕ ತಳ್ಳುತ್ತದೆ. ಅದೇ ಬಿಸಿ ಆಕ್ಸಲ್ ತಣ್ಣೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ಬ್ರೀದರನ್ನು ನಾನೇ ಬಿಚ್ಚಿ ತೊಳೆದೆ. ಸೋರಿಕೆ ನಿಂತರೂ ಈಗ ಡಿಫರೆನ್ಷಿಯಲ್ಲಿನಿಂದ ಮೊದಲಿಲ್ಲದ ಕೀರಲು ಸದ್ದು ಬರುತ್ತಿದೆ. ಕ್ರಷ್ ಸ್ಲೀವ್ (ಬಿಗಿದಂತೆ ಕುಗ್ಗುವ ಲೋಹದ ಕೊಳವೆ) ಇರುವ ಇಂಥ ಆಕ್ಸಲ್ಲಿನಲ್ಲಿ ಪಿನಿಯನ್ ನಟ್ಟನ್ನು ಬಿಗಿಯುವಾಗ ಬೇರಿಂಗ್ ತಿರುಗಲು ಬೇಕಾದ ಬಲವನ್ನು ಆಗಾಗ ಅಳೆಯುತ್ತ ಹೋಗಬೇಕು. ಇಂಪ್ಯಾಕ್ಟ್ ಗನ್ನಿನಿಂದ ಒಂದೇ ಸಲಕ್ಕೆ ಬಿಗಿದರೆ ಬೇರಿಂಗ್ ಮೇಲೆ ಅತಿಯಾದ ಒತ್ತಡ ಬಿದ್ದು ಅದು ಬಿಸಿಯಾಗಿ ಹಾಳಾಗುತ್ತದೆ. ಹಾಗೆಯೇ ಆಗಿರಬೇಕೆಂಬುದು ನನ್ನ ಅನುಮಾನ. ಇಂಥ ವಾಹನಗಳಲ್ಲಿ ಸದ್ದು ಇದ್ದೇ ಇರುತ್ತದೆ ಎಂಬ ಉತ್ತರ ಮೊದಲು ಬಂತು. ರಿಪೇರಿಗೆ ಮುಂಚಿನ ಜಾಬ್ ಕಾರ್ಡಿನಲ್ಲಿ ಸದ್ದಿನ ಉಲ್ಲೇಖವೇ ಇಲ್ಲವೆಂದು ತೋರಿಸಿದ ಮೇಲೆ ತೆರೆದು ನೋಡಲು ಒಪ್ಪಿದರು.

ಒಳ್ಳೆಯದನ್ನೂ ಹೇಳಬೇಕು. ಆಯಿಲ್ ಬದಲಾವಣೆ, ಸಾಫ್ಟ್‌ವೇರ್ ಅಪ್‌ಡೇಟ್ ಮುಂತಾದ ನಿಗದಿತ ಕೆಲಸಗಳನ್ನು ಹೇಳಿದ ಸಮಯಕ್ಕೆ ಮುಗಿಸುತ್ತಾರೆ. ಬಿಡಿಭಾಗಗಳು ಅಸಲಿ, ಕೇಳಿದರೆ ಹಳೆಯ ಭಾಗಗಳನ್ನು ತಕರಾರಿಲ್ಲದೆ ಕೊಡುತ್ತಾರೆ. ತಳದ ರಕ್ಷಣಾ ತಗಡನ್ನು ಬಿಚ್ಚಿದ ಮೇಲೆ ಅದರ ಬೋಲ್ಟುಗಳನ್ನೆಲ್ಲ ಮರಳಿ ಹಾಕಿದ್ದಾರೆಯೇ ಎಂದು ಮಾತ್ರ ಹೊರಡುವ ಮುನ್ನ ಬಗ್ಗಿ ನೋಡಿಕೊಳ್ಳಿ. ಐದಕ್ಕೆ ಎರಡು ಅಂಕ ಕೊಡುತ್ತಿದ್ದೇನೆ. ಅದರಲ್ಲಿ ಒಂದು ಪೂರ್ತಿಯಾಗಿ ಆ ಹಿರಿಯ ಮೆಕ್ಯಾನಿಕ್ಕರದು. ಈ ಸೆಂಟರಿಗೆ ಹೋಗಲೇಬೇಕಾದವರು ದೂರನ್ನು ಸ್ವತಃ ಬರೆದುಕೊಂಡು ಹೋಗಿ ಜಾಬ್ ಕಾರ್ಡಿಗೆ ಲಗತ್ತಿಸಿ, ಸಹಿ ಹಾಕುವ ಮುನ್ನ ಪ್ರತಿ ಸಾಲನ್ನೂ ಓದಿ, ಮೆಕ್ಯಾನಿಕ್ಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ವಾಹನ ಓಡಿಸಿ ತೋರಿಸುವುದಕ್ಕೆ ಪಟ್ಟುಹಿಡಿಯುವುದು ಒಳ್ಳೆಯದು. ಡಿಫರೆನ್ಷಿಯಲ್ ತೆರೆದ ಮೇಲೆ ಏನು ಸಿಕ್ಕಿತೆಂಬುದನ್ನು, ಅಂಕವನ್ನು ಬದಲಿಸಬೇಕಾಗಿ ಬಂದರೆ ಅದನ್ನೂ, ಇದೇ ವಿಮರ್ಶೆಗೆ ಸೇರಿಸುತ್ತೇನೆ.